ಅಣ್ಣಾಸಾಹೇಬ ಕಿರ್ಲೋಸ್ಕರರ ನಾಟಕಪದಗಳು: ಒಂದು ವಿಚಾರಣೆ

ಉತ್ತರ ಕರ್ನಾಟಕದ ರಂಗಭೂಮಿಯ ಇತಿಹಾಸವನ್ನು ಬರೆಯಹೊರಟವರು ಮರಾಠಿ ಸಂಗೀತ ನಾಟಕದ ಪ್ರಸ್ತಾಪ ಬಂದೊಡನೆ ಒಂದು ಬಗೆಯ ಇಕ್ಕಟ್ಟಿಗೆ ಸಿಲುಕುವುದು ಕಂಡುಬರುತ್ತದೆ. ಆ ನಾಟಕಪ್ರಕಾರವನ್ನು ನೆಲೆಗೊಳಿಸಿದ ಬಳವಂತ ಪಾಂಡುರಂಗ ಕಿರ್ಲೋಸ್ಕರರು, ಎಂದರೆ ಜನರ ಬಾಯಲ್ಲಿ ನಿಂತ ಅಣ್ಣಾಸಾಹೇಬ ಕಿರ್ಲೋಸ್ಕರರು, ಹುಟ್ಟಿದುದೂ ತೀರಿಕೊಂಡುದೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಬರೆದುದು ಮರಾಠಿಯಲ್ಲಿ, ಕೀರ್ತಿ ಪಡೆದುದು ಪುಣೆಯಲ್ಲಿ. ಆದುದರಿಂದ ಅವರನ್ನು ಕುರಿತು ಎರಡು ಬಗೆಯ ಹೇಳಿಕೆಗಳು ರೂಢಿಯಲ್ಲಿವೆ. ಪುಣೆಯಲ್ಲಿ ಪಾರ್ಸಿ ಮಂಡಳಿಯವರ ಒಂದು ನಾಟಕವನ್ನು ನೋಡಿ, ಅದರ ಸ್ಫೂರ್ತಿಯಿಂದಲೇ ಅವರು ಸಂಗೀತ ನಾಟಕವನ್ನು ಸೃಷ್ಟಿಸಿದರೆಂಬುದು ಮರಾಠಿಯಲ್ಲಿ ಬಳಕೆಯಾದ ಕಥೆ. ಕನ್ನಡ ನಾಡಿನಲ್ಲಿ ಬೆಳೆದ ಅವರು ಇಲ್ಲಿಯ ಸರಕನ್ನೇ ಅಲ್ಲಿಗೆ ಒಯ್ದರೆಂಬುದು ನಮ್ಮ ಕಡೆಯ ಅಭಿಮಾನಿಗಳ ವಾದ. ಈ ಎರಡೂ ಹೇಳಿಕೆಗಳಲ್ಲಿ ಒಂದು ಸಮಾನವಾದ ಕೊರತೆಯಿದೆ. ಅಣ್ಣಾಸಾಹೇಬರು ಮುಖ್ಯವಾಗಿ ಮಾಡಿದ ಕೆಲಸವಾದ ಪದರಚನೆಯನ್ನು ಎರಡೂ ಪಕ್ಷದವರು ಬದಿಗಿಟ್ಟು ಮಾತನಾಡುತ್ತಾರೆ. ಆ ಪದಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಮತ್ತೊಮ್ಮೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಣ್ಣಾಸಾಹೇಬರು ಹುಟ್ಟಿದುದು 1843ನೆಯ ಇಸವಿ ಮಾರ್ಚ್ 31ರಂದು. ಮನೆತನದ ಮೂಲ ಕೊಂಕಣದ ಕಿರ್ಲೋಸ ಎಂಬ ಹಳ್ಳಿ; ಅಡ್ಡಹೆಸರು ಬಂದುದು ಅಲ್ಲಿಂದ. ಗುರ್ಲಹೊಸೂರು ಸವದತ್ತಿ ತಾಲೂಕಿಗೆ ಸೇರಿದ ಅಚ್ಚ ಕನ್ನಡದ ಊರು. (ಮುಂದೆ ಕಬ್ಬಿಣದ ನೇಗಿಲಿನ ಕಾರಖಾನೆಯಿಂದ ಹೆಸರಾದ ಲಕ್ಷ್ಮಣರಾವ ಕಿರ್ಲೋಸ್ಕರರೂ 1869ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಒಂದೇ ಹಳ್ಳಿ ನೇಗಿಲಿಗೂ ನಾಟಕಕ್ಕೂ ಹೆಸರಾಗುವುದು ಅಪರೂಪವೇ ಸರಿ.) ಮನೆಯೊಳಗೆ ಮರಾಠಿ, ಮನೆಯ ಹೊರಗೆ ಕನ್ನಡ, ಓದಿನಲ್ಲಿ ಸಂಸ್ಕೃತ: ಹೀಗೆ ಮೂರು ಭಾಷೆಗಳ ನಡುವೆ ಅವರ ಬಾಲ್ಯ ಕಳೆಯಿತು. ಹನ್ನೆರಡನೆಯ ವಯಸ್ಸಿನವರೆಗೆ ಊರಿನಲ್ಲಿಯೇ ಕಲಿತು, ಬಳಿಕ ಧಾರವಾಡ, ಕೊಲ್ಹಾಪುರಗಳಲ್ಲಿ ಓದಿ, ಇಪ್ಪತ್ತರ ಪ್ರಾಯದಲ್ಲಿ ಪುಣೆಗೆ ಹೋದರು. ಓದು ಪೂರ್ತಿಯಾಗಲಿಲ್ಲ. ಊರೂರು ತಿರುಗುತ್ತಿದ್ದ ನಾಟಕ ಮಂಡಳಿಗಳಿಗೆ ಪದಗಳನ್ನು ಬರೆದುಕೊಡುವ ಹವ್ಯಾಸ ಅವರನ್ನು ಹಿಡಿದುದು ಈ ವಿದ್ಯಾರ್ಥಿದಶೆಯಲ್ಲಿಯೇ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕೆಂದು ನಮ್ಮ ವಿನಂತಿ. ಮುಂದೆ ಇದರ ಪ್ರಯೋಜನವಿದೆ.

ಆ ಕಾಲದ ಮರಾಠಿ ನಾಟಕದ ಸ್ವರೂಪವನ್ನು ತಿಳಿಯದೆ ಅಣ್ಣಾಸಾಹೇಬರ ಕಾರ್ಯದ ಬೆಲೆ ತಿಳಿಯಲಾರದು. ಉತ್ತರ ಕನ್ನಡದ ಕರಾವಳಿಯ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತು; ಅದನ್ನು ನೋಡಿದ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ಅಂಥ ಆಟವನ್ನು ಮರಾಠಿಯಲ್ಲಿಯೂ ಆಡಿಸಬೇಕೆಂದು ತಮ್ಮ ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಆಜ್ಞಾಪಿಸಿದರು. ಅದರಿಂದ ಹುಟ್ಟಿದುದು 1843ರ ‘ಸೀತಾಸ್ವಯಂವರ’. ಇದು ಮರಾಠಿ ವಿದ್ವಾಂಸರೂ ಒಪ್ಪಿದ ಸಂಗತಿ. ಭಾವೆಯವರ ಆಟದಲ್ಲಿ ಮೊದಲು ಗಣಪತಿ, ಸರಸ್ವತಿಯರ ಪ್ರವೇಶ, ವಿದೂಷಕನ ಚೇಷ್ಟೆ, ಬಳಿಕ ಕಥೆ. ಹಾಡುಗಳನ್ನೆಲ್ಲ ಸೂತ್ರಧಾರನೂ ಅವನ ಹಿಮ್ಮೇಳದವರೂ ಹಾಡುವರು. ಪಾತ್ರಧಾರಿಗಳು ಆ ಹಾಡಿನ ಅರ್ಥಕ್ಕೆ ಹೊಂದುವಂತೆ ಅಭಿನಯಿಸಿ, ತಮಗೆ ತೋಚಿದ ಮಾತುಗಳನ್ನು ಸ್ಥಳದಲ್ಲಿಯೇ ಕಟ್ಟಿ ಆಡುವರು. ನಮ್ಮ ಯಕ್ಷಗಾನದಲ್ಲಿ ಭಾಗವತನಿಗೂ ವೇಷಧಾರಿಗೂ ಇರುವ ಸಂಬಂಧ ಇಲ್ಲಿ ಹಾಗೆಯೇ ಉಳಿದುಕೊಂಡಿದೆ. ಸೀತೆಯ ದುಃಖವನ್ನು ಹೇಳುವವಳು ಸೀತೆಯಲ್ಲ. ಪಕ್ಕದಲ್ಲಿ ನಿಂತ ಸೂತ್ರಧಾರ. ಸುಮಾರು ನಾಲ್ಕು ದಶಕಗಳ ಕಾಲ ಮರಾಠಿ ಪೌರಾಣಿಕ ನಾಟಕವು ಈ ದಾರಿಯಲ್ಲಿಯೇ ನಡೆಯಿತು. ‘ಸೀತಾಸ್ವಯಂವರ’ವೂ ಅಣ್ಣಾಸಾಹೇಬರೂ ಒಂದೇ ವರ್ಷದಲ್ಲಿ ಹುಟ್ಟಿದರೆಂಬುದು ಕೇವಲ ಕಾಕತಾಳೀಯ, ಆದರೆ ಒಂದರ ಪದ್ಧತಿಯನ್ನು ಇನ್ನೊಬ್ಬರು ಮುಗಿಸಿದರೆಂಬುದು ಇತಿಹಾಸ.

ಪುಣೆಯಿಂದ ಹಿಂದಿರುಗಿದ ಅಣ್ಣಾಸಾಹೇಬರು 1866ರಲ್ಲಿ ಗೆಳೆಯರೊಡಗೂಡಿ ‘ಭರತಶಾಸ್ತ್ರೋತ್ತೇಜಕ ಮಂಡಳಿ’ಯನ್ನು ಕಟ್ಟಿದರು. ಅದು ಬಹುಕಾಲ ಬಾಳಲಿಲ್ಲ. ಬಳಿಕ ಬೆಳಗಾವಿಯಲ್ಲಿ ಶಿಕ್ಷಕರಾಗಿ, ಮುಂದೆ ಸರ್ಕಾರಿ ನೌಕರರಾಗಿ ಜೀವನ ಸಾಗಿಸಿದರು. ಬೆಳಗಾವಿಯಲ್ಲಿ ಅವರ ಕೈಕೆಳಗೆ ಕಲಿತ ಗೋವಿಂದ ಬಲ್ಲಾಳ ದೇವಲರೇ ಮುಂದೆ 1899ರಲ್ಲಿ ರಂಗಕ್ಕೆ ಬಂದ ‘ಶಾರದಾ’ ನಾಟಕದ ಕರ್ತೃಗಳಾದರು. 1873ರಲ್ಲಿ ಅಣ್ಣಾಸಾಹೇಬರು ಶಂಕರಾಚಾರ್ಯರ ಜೀವನವನ್ನು ಕುರಿತು ‘ಶ್ರೀಶಂಕರದಿಗ್ವಿಜಯ’ ಎಂಬ ನಾಟಕವನ್ನು ಬರೆದರು. ಅದರ ಗುಣದೋಷಗಳ ವಿಚಾರ ಇಲ್ಲಿ ಬೇಡ. ಕಚೇರಿಯ ಕೆಲಸ ಮಾಡುತ್ತ, ಬಿಡುವಿನಲ್ಲಿ ನಾಟಕದ ಗೀಳನ್ನು ಬಿಡದೆ ಕಾಪಾಡಿಕೊಂಡು ಬಂದ ಮನುಷ್ಯ ಎಂದರೆ ಸಾಕು. 1880ರಲ್ಲಿ ಅವರು ಪುಣೆಯಲ್ಲಿದ್ದರು.

ಆ ವರ್ಷ ಪುಣೆಗೆ ಬಂದ ಪಾರ್ಸಿ ಮಂಡಳಿಯವರು ‘ಇಂದ್ರಸಭಾ’ವನ್ನು ಆಡಿದರು. ಲಖನೌದ ಅಮಾನತ ಕವಿ ಉರ್ದುವಿನಲ್ಲಿ ರಚಿಸಿದ ಈ ಕೃತಿಯಲ್ಲಿ ಪಾತ್ರಗಳು ತಾವೇ ಹಾಡುತ್ತವೆ. ಅದನ್ನು ನೋಡಿದ ಅಣ್ಣಾಸಾಹೇಬರು ಇಂಥ ನಾಟಕ ಮರಾಠಿಯಲ್ಲಿಯೂ ಆಗಬೇಕೆಂದು ನಿಶ್ಚಯಿಸಿ, ಕಾಳಿದಾಸನ ಶಾಕುಂತಲವನ್ನು ಕೈಗೆತ್ತಿಕೊಂಡರು. ಅದೇ ವರ್ಷ ಅಕ್ಟೋಬರ್ 31ರಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ‘ಸಂಗೀತ ಶಾಕುಂತಲ’ದ ಮೊದಲಿನ ನಾಲ್ಕು ಅಂಕಗಳು ಪ್ರಯೋಗಗೊಂಡವು. ಉಳಿದ ಅಂಕಗಳು ಆಮೇಲೆ ಸಿದ್ಧವಾದವು. ಇಷ್ಟು ನಿರ್ವಿವಾದ.

ಇದರಿಂದ ‘ಇಂದ್ರಸಭಾ’ವೇ ಸಂಗೀತ ನಾಟಕದ ಮೂಲವೆಂದು ತೀರ್ಮಾನಿಸುವುದು ಅವಸರದ ಮಾತು. ಪೂರ್ತಿಯಾದ ‘ಸಂಗೀತ ಶಾಕುಂತಲ’ದಲ್ಲಿ ಇನ್ನೂರರ ಸುಮಾರಿಗೆ ಪದಗಳಿವೆ. ಕೆಲವೇ ತಿಂಗಳುಗಳೊಳಗೆ ನಾಲ್ಕು ಅಂಕಗಳಿಗಾಗುವಷ್ಟು ಪದಗಳನ್ನು ಕಟ್ಟಿ, ಅವನ್ನು ನಟರಿಗೆ ಕಲಿಸಿ, ರಂಗಕ್ಕೆ ತರುವುದು ಹೊಸಬರಿಗೆ ಸಾಧ್ಯವಾಗುವ ಕೆಲಸವಲ್ಲ. ಹದಿನೈದು ವರ್ಷಗಳಿಗೂ ಹಿಂದೆಯೇ ಅನ್ಯರ ಮಂಡಳಿಗಳಿಗೆ ಪದಗಳನ್ನು ಬರೆದುಕೊಡುತ್ತಿದ್ದ ಕೈ ಅದು. ಆ ಹಳೆಯ ಪದಗಳನ್ನು ಹಾಡುತ್ತಿದ್ದವನು ಸೂತ್ರಧಾರ. ಹೊಸ ಪದಗಳನ್ನು ಹಾಡುವವರು ದುಷ್ಯಂತ, ಶಕುಂತಲೆ, ಕಣ್ವ. ಪಾರ್ಸಿ ನಾಟಕದಿಂದ ಅವರಿಗೆ ದೊರೆತುದು ಪದಗಾರಿಕೆಯಲ್ಲ, ಪದವನ್ನು ಯಾರ ಬಾಯಲ್ಲಿ ಇಡಬೇಕೆಂಬ ತಿಳುವಳಿಕೆ. ‘ಇಂದ್ರಸಭಾ’ದ ಪರಿಗಳೂ ದೇವಲೋಕದ ಬೆಡಗೂ ಅವರ ನಾಟಕದಲ್ಲಿ ಕಾಣುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಸೂತ್ರಧಾರನು ನಾಂದಿ ಮತ್ತು ಪ್ರಸ್ತಾವನೆಗಳಾದೊಡನೆ ರಂಗದಿಂದ ಸರಿದುಹೋಗುತ್ತಾನೆ; ಇದು ಕಾಳಿದಾಸನ ಪದ್ಧತಿಯೇ. ಹೀಗೆ ಹಿಂದಿನ ಆಟದ ಹಿಮ್ಮೇಳವನ್ನು ಕಳೆಯಲು ಅವರಿಗೆ ಸಂಸ್ಕೃತ ನಾಟಕವೇ ಆಧಾರವಾಯಿತು.

ಇನ್ನು ಪದಗಳ ವಿಚಾರ. ಸಂಸ್ಕೃತ ನಾಟಕದಲ್ಲಿ ಪಾತ್ರವು ಮಾತನಾಡುತ್ತ ಮಾತನಾಡುತ್ತ ಶ್ಲೋಕಕ್ಕೆ ಏರುತ್ತದೆ. ಆ ಶ್ಲೋಕಗಳನ್ನು ಮರಾಠಿಯ ಶ್ಲೋಕಗಳನ್ನಾಗಿ ಮಾಡುವುದು ಪಂಡಿತರ ರೀತಿ. ಪರಶುರಾಮತಾತ್ಯಾ ಗೋಡಬೋಲೆಯವರು ಶಾಕುಂತಲವನ್ನು ಮೊದಲೇ ಮರಾಠಿಗೆ ತಂದಿದ್ದರು; ಅದು ಓದಿಗೆ ಒದಗಿತೇ ಹೊರತು ಜನರ ಕಂಠಕ್ಕೆ ಇಳಿಯಲಿಲ್ಲ. ಅಣ್ಣಾಸಾಹೇಬರು ಶ್ಲೋಕದ ಅರ್ಥವನ್ನು ಹಿಡಿದು, ಅದರ ವೃತ್ತವನ್ನು ಬಿಟ್ಟುಕೊಟ್ಟರು. ಅದರ ಬದಲಿಗೆ ಕೀರ್ತನಕಾರರ ಬಾಯಲ್ಲಿಯೂ ಹೆಂಗಸರ ಬಾಯಲ್ಲಿಯೂ ಅದಾಗಲೇ ಬಳಕೆಯಲ್ಲಿದ್ದ ಸಾಕಿ, ದಿಂಡಿ, ಓವಿ, ಕಾಮದಾ, ಅಂಜನೀಗೀತ ಮೊದಲಾದ ಬಂಧಗಳನ್ನೂ ಲಾವಣಿಯ ಧಾಟಿಗಳನ್ನೂ ತಂದು ಕೂಡಿಸಿದರು. ಇವು ಕನ್ನಡ ವಿದ್ಯಾರ್ಥಿಗಳಿಗೆ ಅಪರಿಚಿತವಾದುದರಿಂದ ಒಂದೆರಡು ಮಾತು ಹೇಳಬೇಕು. ದಿಂಡಿಯ ಒಂದು ಸಾಲಿಗೆ 19 ಮಾತ್ರೆ. ಒಂಬತ್ತರ ಬಳಿಕ ಯತಿ, ಮುಂದೆ ಹತ್ತು. ಸಾಕಿಯ ಸಾಲು 28 ಮಾತ್ರೆಯದು, 16 ಮತ್ತು 12ರಂತೆ ಎರಡು ಭಾಗವಾಗುತ್ತದೆ. ಅಂಜನೀಗೀತದ ಮೊದಲ ಮೂರು ಸಾಲುಗಳಿಗೆ ಹದಿನಾರು ಹದಿನಾರು ಮಾತ್ರೆ, ಕೊನೆಯ ಸಾಲಿಗೆ ಹತ್ತೇ ಮಾತ್ರೆ. ಆ ಕೊನೆಯ ಸಾಲು ಕಡಿದು ನಿಂತಂತಾಗಿ ಕೇಳುವವನ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ನಮ್ಮ ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳು ಉದ್ದವಾಗಿ ಮಾಡುವ ಕೆಲಸವನ್ನು ಅಂಜನೀಗೀತದ ಕೊನೆಯ ಸಾಲು ಗಿಡ್ಡವಾಗಿ ಮಾಡುತ್ತದೆ ಎನ್ನಬಹುದು.

ಯಾವ ಸಂದರ್ಭಕ್ಕೆ ಯಾವ ಬಂಧ ಎಂಬ ವಿವೇಕದಲ್ಲಿ ಅಣ್ಣಾಸಾಹೇಬರ ಹೆಚ್ಚುಗಾರಿಕೆ ಕಾಣುತ್ತದೆ. ಕಥೆ ಮುಂದೆ ಸಾಗಬೇಕಾದಲ್ಲಿ ಸಾಕಿ, ದಿಂಡಿಗಳು ಬರುತ್ತವೆ. ಅಲ್ಲಿ ಹಾಡು ಮಾತಿಗೆ ಹತ್ತಿರವಾಗಿರುತ್ತದೆ. ಭಾವ ತುಂಬಿ ನಿಂತಲ್ಲಿ ರಾಗದ ಪದ ಬರುತ್ತದೆ. ಶಾಕುಂತಲದ ನಾಲ್ಕನೆಯ ಅಂಕದಲ್ಲಿ, ಮಗಳನ್ನು ಗಂಡನ ಮನೆಗೆ ಕಳುಹಿಸುವ ಕಣ್ವನ ಅಳಲನ್ನು ಹಾಡಿಗೆ ಇಳಿಸುವುದು ಎಂಥ ಕವಿಗೂ ಎದೆ ನಡುಗಿಸುವ ಕೆಲಸ. ಕಾಳಿದಾಸನ ಶ್ಲೋಕಗಳು ಪಂಡಿತರ ನಾಲಿಗೆಯ ಮೇಲೆ ಇದ್ದವು, ತುಲನೆ ತಪ್ಪುವಂತಿರಲಿಲ್ಲ. ಅಣ್ಣಾಸಾಹೇಬರು ಅಲ್ಲಿ ಸ್ಪರ್ಧೆಗೆ ಇಳಿಯದೆ, ಮನೆಯಲ್ಲಿ ಮಗಳನ್ನು ಬೀಳ್ಕೊಡುವ ತಂದೆಯ ಮಾತಿನಷ್ಟೇ ಸುಲಭವಾದ ಮರಾಠಿಯನ್ನು ಬಳಸಿದರು. ಋಷಿಯ ಗಾಂಭೀರ್ಯ ಸ್ವಲ್ಪ ಕಡಮೆಯಾಯಿತೆಂದು ಆಕ್ಷೇಪಿಸುವವರಿಗೆ ನಾವು ಉತ್ತರ ಹೇಳಲಾರೆವು, ಕಡಮೆಯಾದುದು ನಿಜ. ಆದರೆ ಆ ನಷ್ಟವನ್ನು ಒಪ್ಪಿಕೊಂಡೇ ಅವರು ಲಾಭವನ್ನು ಪಡೆದರು. ಅವರ ಪದಗಳು ನಾಟಕಗೃಹವನ್ನು ದಾಟಿ ಮನೆಗಳೊಳಗೆ ಹೋದವು.

ಪದಕಾರನೂ ಮಟ್ಟುಗಳನ್ನು ಆಯ್ದವನೂ ಒಬ್ಬನೇ ಆಗಿದ್ದುದು ಇಲ್ಲಿ ವಿಶೇಷ. ಮೊದಲು ಮಟ್ಟು, ಬಳಿಕ ಮಾತು: ಇದು ಆಗಿನ ಕ್ರಮ. ಅಚ್ಚಾದ ಪುಸ್ತಕಗಳಲ್ಲಿ ಪ್ರತಿಯೊಂದು ಪದದ ತಲೆಯ ಮೇಲೆ ಅದು ಯಾವ ಹಾಡಿನ ‘ಚಾಲ’ ಎಂದು ಸೂಚಿಸುವ ರೂಢಿಯಿತ್ತು. ನಮ್ಮ ಹಳೆಯ ಕಂಪನಿ ನಾಟಕಗಳ ಪುಸ್ತಕಗಳಲ್ಲಿ ‘ಎಂಬ ಮಟ್ಟು’ ಎಂದು ಕಾಣುವುದೂ ಇದೇ. ಕೀರ್ತನೆ, ಲಾವಣಿ, ಹಿಂದುಸ್ತಾನಿ ಚೀಜು, ಕರ್ನಾಟಕದ ಧಾಟಿ ಎಲ್ಲವೂ ಅಣ್ಣಾಸಾಹೇಬರ ಭಂಡಾರದಲ್ಲಿದ್ದವು. 1911ರಲ್ಲಿ ಖಾಡಿಲಕರರ ‘ಮಾನಾಪಮಾನ’ಕ್ಕೆ ಗೋವಿಂದರಾವ ಟೇಂಬೆಯವರು ಮಟ್ಟುಗಳನ್ನು ಹಾಕಿದಂದಿನಿಂದ ಮರಾಠಿ ನಾಟಕದಲ್ಲಿ ಪದ ಬರೆಯುವವರು ಬೇರೆ, ರಾಗ ಕೂಡಿಸುವವರು ಬೇರೆ ಎಂಬ ಪದ್ಧತಿ ಬಲವಾಯಿತು. ಆಗ ಸಂಗೀತ ಬೆಳೆಯಿತು, ಪದ ಬಡವಾಯಿತು ಎಂದು ನಮ್ಮ ಅಭಿಪ್ರಾಯ. ಗಾಯಕನ ಆಲಾಪ ಮುಗಿಯುವವರೆಗೆ ಕಥೆ ಕಾಯಬೇಕಾಗಿ ಬಂದ ನಾಟಕಗಳ ಅಪವಾದವನ್ನು ಅಣ್ಣಾಸಾಹೇಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವರ ಪದಗಳು ಗಿಡ್ಡವಾದುವು. ಸಂಖ್ಯೆಯಲ್ಲಿ ಮಾತ್ರ ಅವು ಅತಿಯಾದುವೆಂದು ಒಪ್ಪಬೇಕು.

ಅವರು ಬರೆದುದು ಕಾಲ್ಪನಿಕ ಗಾಯಕರಿಗಲ್ಲ. ದುಷ್ಯಂತನ ಪಾತ್ರಕ್ಕೆ ಮೋರೋಬಾ ವಾಘೋಲಿಕರರಿದ್ದರು. ಸಂಗೀತ ಬಲ್ಲ ಬಾಳಕೋಬಾ ನಾಟೇಕರರಿದ್ದರು. 1882ರಲ್ಲಿ ಬಡೋದೆಯ ತರುಣ ಭಾವೂರಾವ ಕೊಲ್ಹಟಕರರು ಮಂಡಳಿಗೆ ಬಂದರು. ಏರುಧ್ವನಿಯ, ಚುರುಕಾದ ಕಂಠ ಅವರದು. ಅದೇ ವರ್ಷ ನವೆಂಬರ್ 18ರಂದು ಪುಣೆಯ ಪೂರ್ಣಾನಂದ ನಾಟಕಗೃಹದಲ್ಲಿ ‘ಸಂಗೀತ ಸೌಭದ್ರ’ದ ಮೊದಲ ಮೂರು ಅಂಕಗಳು ರಂಗಕ್ಕೆ ಬಂದಾಗ ಮೋರೋಬಾ ಅರ್ಜುನನಾದರು, ಭಾವೂರಾವ ಸುಭದ್ರೆಯಾದರು.

‘ಸೌಭದ್ರ’ವು ಅನುವಾದವಲ್ಲ, ಅಣ್ಣಾಸಾಹೇಬರ ಸ್ವತಂತ್ರ ಕೃತಿ, ಮತ್ತು ನಿಸ್ಸಂದೇಹವಾಗಿ ಅವರ ಶ್ರೇಷ್ಠ ಕೃತಿ. ಬಲರಾಮನು ತಂಗಿಯನ್ನು ದುರ್ಯೋಧನನಿಗೆ ಕೊಡಲು ಹೊರಟಿದ್ದಾನೆ. ಅವಳ ಮನಸ್ಸು ತೀರ್ಥಯಾತ್ರೆಯಲ್ಲಿರುವ ಅರ್ಜುನನಲ್ಲಿದೆ. ಕೃಷ್ಣನು ಅಣ್ಣನಿಗೆ ಎದುರಾಡದೆ, ಅರ್ಜುನನನ್ನು ಯತಿವೇಷದಲ್ಲಿ ಮನೆಯೊಳಗೇ ತಂದು ಕೂರಿಸಿ ಕಾರ್ಯವನ್ನು ಸಾಧಿಸುತ್ತಾನೆ. ಘಟೋತ್ಕಚನೊಬ್ಬನನ್ನು ಬಿಟ್ಟರೆ ಇಲ್ಲಿ ಪುರಾಣದ ಅದ್ಭುತ ಕಡಮೆ. ಕೃಷ್ಣ ರುಕ್ಮಿಣಿಯರು ಹತ್ತೊಂಬತ್ತನೆಯ ಶತಮಾನದ ಒಂದು ತುಂಬಿದ ಮನೆಯ ಗಂಡಹೆಂಡಿರಂತೆ ಮಾತನಾಡುತ್ತಾರೆ, ಮುನಿಯುತ್ತಾರೆ, ರಾಜಿಯಾಗುತ್ತಾರೆ. ನಾಟಕದಲ್ಲಿ ನೂರಕ್ಕೂ ಹೆಚ್ಚು ಪದಗಳಿವೆ. ತಾನು ಒಲ್ಲದ ವರನಿಗೆ ತನ್ನನ್ನು ಕೊಡುತ್ತಿರುವಾಗ ಹಿರಿಯರ ಎದುರಿಗೆ ಬಾಯಿ ಬಿಡಲಾರದ ಹೆಣ್ಣು ತನ್ನ ಮನಸ್ಸನ್ನು ಹೇಳಿಕೊಳ್ಳಲು ಪದವಲ್ಲದೆ ಬೇರೆ ದಾರಿಯಿಲ್ಲ. ಭಾವೆಯವರ ಸೂತ್ರಧಾರನು ಇಂಥ ಸುಭದ್ರೆಯ ಪರವಾಗಿ ಎಷ್ಟು ಚೆನ್ನಾಗಿ ಹಾಡಿದ್ದರೂ ಈ ಪರಿಣಾಮ ಆಗುತ್ತಿರಲಿಲ್ಲ. ಹಾಡು ಪಾತ್ರದ ಬಾಯಿಗೆ ಬಂದುದರ ನಿಜವಾದ ಪ್ರಯೋಜನ ಶಾಕುಂತಲಕ್ಕಿಂತಲೂ ಇಲ್ಲಿ ಸ್ಪಷ್ಟವಾಗುತ್ತದೆ.

ಈಗ ಕನ್ನಡದ ವಾದವನ್ನು ನೋಡೋಣ. ಅದರ ಪ್ರಬಲವಾದ ಆಧಾರವೆಂದರೆ ಚುರಮುರಿ ಶೇಷಗಿರಿರಾಯರ ‘ಶಾಕುಂತಲ ನಾಟಕ’. ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ಶಾಲೆಗಳೂ ಮರಾಠಿ ಕಚೇರಿಗಳೂ ಪ್ರಬಲವಾಗಿದ್ದ ದಿನಗಳಲ್ಲಿ, ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಶ್ರಮಿಸುತ್ತಿದ್ದಾಗ, 1870ರ ಹೊತ್ತಿಗೆ ಈ ಕನ್ನಡ ಶಾಕುಂತಲ ಪ್ರಕಟವಾಯಿತು; ಎಂದರೆ ಮರಾಠಿ ‘ಸಂಗೀತ ಶಾಕುಂತಲ’ಕ್ಕಿಂತ ಸುಮಾರು ಹತ್ತು ವರ್ಷ ಮೊದಲು. ಅದರಲ್ಲಿಯೂ ಪದಗಳಿವೆ. ಧಾರವಾಡದಲ್ಲಿ ಓದಿದ, ಬೆಳಗಾವಿಯಲ್ಲಿ ಕೆಲಸ ಮಾಡಿದ ಅಣ್ಣಾಸಾಹೇಬರ ಕೈಗೆ ಅದು ಬಂದಿರುವುದು ಅಸಂಭವವಲ್ಲ. ಆದರೆ ಕಾಲದಲ್ಲಿ ಮುಂಚಿನದಾದ ಮಾತ್ರಕ್ಕೆ ಒಂದು ಕೃತಿ ಇನ್ನೊಂದರ ಮೂಲವಾಗದು. ಇಬ್ಬರ ಎದುರಿಗೂ ಇದ್ದುದು ಒಂದೇ ಸಂಸ್ಕೃತ ನಾಟಕ, ಹೋಲಿಕೆ ಅನಿವಾರ್ಯ. ಚುರಮುರಿಯವರ ಹಿರಿಮೆಯನ್ನು ಹೇಳಲು ಕಿರ್ಲೋಸ್ಕರರನ್ನು ಋಣಿಯಾಗಿಸಬೇಕಾದ ಅಗತ್ಯವೂ ಇಲ್ಲ.

ನಮಗೆ ಇದಕ್ಕಿಂತ ಗಮನಾರ್ಹವಾಗಿ ತೋರುವುದು ಪುಸ್ತಕದ ಹೊರಗಿನ ನಾಟಕ. ಬೆಳಗಾವಿ ಸೀಮೆಯಲ್ಲಿ ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಪಾತ್ರಗಳು ತಾವೇ ಹಾಡುತ್ತವೆ, ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿಯ ವಸ್ತುವೂ ಕೃಷ್ಣನ ಸಂಸಾರದ ಮುನಿಸು, ಒಲವುಗಳೇ. ಕರಾವಳಿಯ ಭಾಗವತ ಮೇಳದ ಪದ್ಧತಿ ಒಂದು, ಬಯಲುಸೀಮೆಯ ಸಣ್ಣಾಟದ ಪದ್ಧತಿ ಇನ್ನೊಂದು. ಮರಾಠಿ ನಾಟಕವು 1843ರಲ್ಲಿ ಕನ್ನಡದಿಂದ ಮೊದಲನೆಯ ಪದ್ಧತಿಯನ್ನು ಪಡೆಯಿತು. 1880ರಲ್ಲಿ ಅದನ್ನು ಕೈಬಿಟ್ಟು ಎರಡನೆಯದಕ್ಕೆ ಹತ್ತಿರವಾದ ರೀತಿಯನ್ನು ಹಿಡಿಯಿತು. ಅದನ್ನು ಹಿಡಿಸಿದವರು ಸಣ್ಣಾಟದ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಸಾಮೀಪ್ಯವು ಸಾಕ್ಷ್ಯವಲ್ಲವೆಂದು ಚುರಮುರಿಯವರ ವಿಷಯದಲ್ಲಿ ಹೇಳಿದ ನಾವು ಇಲ್ಲಿ ಬೇರೆ ಅಳತೆಗೋಲನ್ನು ಬಳಸಲಾರೆವು. ಆದರೂ, ಪಾತ್ರ ತಾನೇ ಹಾಡುವುದು ‘ಇಂದ್ರಸಭಾ’ದಿಂದಲೇ ಈ ಭಾಗದ ಜನರಿಗೆ ಮೊದಲು ತಿಳಿಯಿತೆಂಬ ಮಾತು ನಿಲ್ಲುವುದಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಅತ್ತ ಹೋದ ಪ್ರಭಾವಕ್ಕಿಂತ ಇತ್ತ ಬಂದ ಪ್ರಭಾವ ಹೆಚ್ಚು ನಿಶ್ಚಿತವಾದುದು. ಸಾಂಗಲಿಯ ಮಂಡಳಿಗಳು ಗದಗು, ಹುಬ್ಬಳ್ಳಿ, ಧಾರವಾಡಗಳಲ್ಲಿ ಆಡಿ ಕನ್ನಡಿಗರಿಂದಲೇ ಹಣ ಗಳಿಸಿ ಹೋಗುತ್ತಿದ್ದುದನ್ನು ಕಂಡು ನೊಂದ ಶಾಲಾಶಿಕ್ಷಕ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು (1856–1920), ಗದಗಿನಲ್ಲಿ ವೀರನಾರಾಯಣನ ಹೆಸರಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಮೈಸೂರಿನಲ್ಲಿ ಹೊರನಾಡಿನ ಮಂಡಳಿಗಳ ಆಟವನ್ನು ಕಂಡ ಮೇಲೆ ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಹುಟ್ಟಿತು. ಅದಕ್ಕಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಿಸಿ ‘ಅಭಿನವ ಕಾಳಿದಾಸ’ರೆನಿಸಿದರು. ಬಸವಪ್ಪ ಶಾಸ್ತ್ರಿಗಳ ಜನನವೂ 1843ರಲ್ಲಿಯೇ. ಒಂದೇ ವಯಸ್ಸಿನ ಇಬ್ಬರು, ಒಬ್ಬರು ಪುಣೆಯಲ್ಲಿ, ಇನ್ನೊಬ್ಬರು ಮೈಸೂರಿನಲ್ಲಿ, ಹೆಚ್ಚು ಕಡಮೆ ಒಂದೇ ಕಾಲದಲ್ಲಿ ಒಂದೇ ನಾಟಕವನ್ನು ರಂಗಕ್ಕೆಂದು ಅಳವಡಿಸುತ್ತಿದ್ದರು. ಶಾಸ್ತ್ರಿಗಳ ಹಿಂದೆ ಅರಮನೆಯಿತ್ತು, ಕೇಳುವವರು ವಿದ್ವಾಂಸರು, ಪದ್ಯ ಪ್ರೌಢವಾಯಿತು. ಅಣ್ಣಾಸಾಹೇಬರ ಎದುರಿಗೆ ತಿಕೀಟು ಕೊಂಡು ಬಂದ ಪೇಟೆಯ ಜನರಿದ್ದರು, ಪದ ಸುಲಭವಾಯಿತು. ಎರಡು ಶಾಕುಂತಲಗಳ ಅಂತರವನ್ನು ಕವಿಗಳ ಯೋಗ್ಯತೆಯಿಂದ ಅಳೆಯುವ ಮೊದಲು ಈ ಸನ್ನಿವೇಶಭೇದವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅಣ್ಣಾಸಾಹೇಬರನ್ನು ಕನ್ನಡವು ಕಳೆದುಕೊಂಡಿತೆಂದು ಮರುಗುವವರೂ ಇದ್ದಾರೆ. ಮನೆಮಾತು ಮರಾಠಿಯಾದ ಒಬ್ಬರು ಮರಾಠಿಯಲ್ಲಿ ಬರೆದರೆ ಕಳೆದುಕೊಂಡುದೇನು? ಕನ್ನಡ ಮನೆಮಾತಿನ ಕುಂದಗೋಳದ ರಾಮಭಾವು (1886–1952) ಮರಾಠಿ ರಂಗದಲ್ಲಿ ಹಾಡಿ ‘ಸವಾಯಿ ಗಂಧರ್ವ’ರೆಂದು ಹೆಸರಾದುದು ಇದಕ್ಕಿಂತ ಯೋಚಿಸತಕ್ಕ ಸಂಗತಿ. ಅಷ್ಟು ಹೊತ್ತಿಗೆ ಹಾಡಬಲ್ಲ ಕನ್ನಡ ಹುಡುಗನಿಗೆ ಅನ್ನವೂ ಹೆಸರೂ ದೊರೆಯುವ ದೊಡ್ಡ ರಂಗಭೂಮಿ ಮರಾಠಿಯದಾಗಿತ್ತು. ಅದನ್ನು ಹಾಗೆ ದೊಡ್ಡದು ಮಾಡಿದುದರಲ್ಲಿ ಗುರ್ಲಹೊಸೂರಿನ ಪದಕಾರರ ಪಾಲು ಬಹಳ.

‘ಸೌಭದ್ರ’ದ ಬಳಿಕ ಅಣ್ಣಾಸಾಹೇಬರು ರಾಮಾಯಣದ ಕಥೆಯನ್ನು ತೆಗೆದುಕೊಂಡು ‘ರಾಮರಾಜ್ಯವಿಯೋಗ’ವನ್ನು ಆರಂಭಿಸಿದರು. 1884ರಲ್ಲಿ ಅದರ ಮೂರು ಅಂಕಗಳು ರಂಗಕ್ಕೆ ಬಂದವು. ಸುಭದ್ರೆಯಾಗಿ ಜನರ ಮನಸ್ಸನ್ನು ಗೆದ್ದ ಭಾವೂರಾವ ಈ ನಾಟಕದಲ್ಲಿ ಮಂಥರೆಯಾಗಿ ಹಾಡಿದರು. ಉಳಿದ ಅಂಕಗಳು ಬರಲಿಲ್ಲ. ಅಣ್ಣಾಸಾಹೇಬರು 1885ರ ನವೆಂಬರ್ 2ರಂದು ಗುರ್ಲಹೊಸೂರಿನಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೆರಡು ವರ್ಷ. ‘ಶಾಕುಂತಲ’ದ ಮೊದಲ ಪ್ರಯೋಗದಿಂದ ಲೆಕ್ಕಹಾಕಿದರೆ ಅವರ ರಂಗಜೀವನ ಐದು ವರ್ಷ ಎರಡು ದಿನಗಳದು. ಮಂಡಳಿಯನ್ನು ಅವರ ನಟರೇ ನಡೆಸಿಕೊಂಡು ಹೋದರು. ಭಾವೂರಾವ 1901ರಲ್ಲಿ ತೀರಿಕೊಂಡರು. ನಾಲ್ಕು ವರ್ಷಗಳ ಮೇಲೆ, ಮಿರಜಿನಲ್ಲಿ, ಬಾಲಗಂಧರ್ವರೆಂದು ಖ್ಯಾತರಾದ ನಾರಾಯಣರಾವ ರಾಜಹಂಸರು ಅದೇ ಮಂಡಳಿಯಲ್ಲಿ ಶಕುಂತಲೆಯಾಗಿ ನಿಂತು, ಪುಣೆಯ ಕಚೇರಿಯ ನೌಕರನೊಬ್ಬ ಇಪ್ಪತ್ತೈದು ವರ್ಷಗಳ ಹಿಂದೆ ಕಟ್ಟಿದ ಪದಗಳನ್ನು ಹಾಡಿದರು.